ದೋಣಿಗೆ ನೀರು ಕುಡಿಸುವ ದಿನ

ಕರ್ನಾಟಕದ ಕರಾವಳಿಯಲ್ಲಿ ಮರದ ದೋಣಿಗಳ ಕಾಲ ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ, ಅಂದರೆ 1980ರ ದಶಕದ ಮೊದಲ ವರ್ಷಗಳಲ್ಲಿ, ಕುಂದಾಪುರ ತಾಲೂಕಿನ ಗಂಗೊಳ್ಳಿಯ ನಾಡದೋಣಿ ಮೀನುಗಾರರ ಪಾಲಿಗೆ ಆಗೊಮ್ಮೆ ಈಗೊಮ್ಮೆ ಒದಗುತ್ತಿದ್ದ ಒಂದು ಬಿಡುವಿನ ದಿನವಿತ್ತು. ಅದು ಹಬ್ಬವಾಗಿರಲಿಲ್ಲ, ಪಂಚಾಂಗದಲ್ಲಿ ಅದಕ್ಕೊಂದು ಹೆಸರಿರಲಿಲ್ಲ, ಮಳೆಗಾಲದ ಅಬ್ಬರಕ್ಕೆ ಹೆದರಿ ಮನೆಯಲ್ಲಿ ಕುಳಿತ ದಿನವೂ ಅದಲ್ಲ. ದಡಕ್ಕೇರಿಸಿ, ಒಣಗಿಸಿ, ಸಂದು ತುಂಬಿ, ಎಣ್ಣೆ ಹಚ್ಚಿದ ದೋಣಿಯನ್ನು ಮರಳಿ ನೀರಿಗಿಳಿಸಿದ ಮೇಲೆ ಬಲೆ ಹೇರದೆ, ಮೀನಿನ ಆಸೆಯನ್ನೂ ಇಟ್ಟುಕೊಳ್ಳದೆ, ಅಳಿವೆಯ ಒಳಹರವಿನಲ್ಲಿ ಸುಮ್ಮನೆ ಸುತ್ತಾಡಿ ಬರುವ ದಿನ ಅದು. ಸೋದರಮಾವನ ದೋಣಿಯಲ್ಲಿ ಕುಳಿತು, ಒಳಗೆ ಸೇರಿದ ನೀರನ್ನು ಮೊಗೆದು ಹೊರಚೆಲ್ಲುವ ಕೆಲಸಕ್ಕೆ ನೇಮಕಗೊಂಡಿದ್ದ ಹೈಸ್ಕೂಲು ಹುಡುಗನೊಬ್ಬನ ನೆನಪು ಈ ಬರಹಕ್ಕೆ ಆಧಾರ. ಅವನು ಮೋಜೆಂದು ತಿಳಿದಿದ್ದ ಆ ಸುತ್ತಾಟ ದೋಣಿಯ ಆರೈಕೆಯ ಕೊನೆಯ ಹಂತವೇ ಆಗಿತ್ತು ಎಂಬುದು ಅವನಿಗೆ ಅರ್ಥವಾದದ್ದು ಅಂಥ ದೋಣಿಗಳು ಕಣ್ಮರೆಯಾದ ಮೇಲೆ.

ಗಂಗೊಳ್ಳಿಯ ನೆಲ ಮತ್ತು ನೀರಿನ ಸ್ವರೂಪವನ್ನು ಮೊದಲು ಹೇಳಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುವ ಜಾಗವಿದು. ಆ ಸಂಗಮಕ್ಕೆ ಪಂಚಗಂಗಾವಳಿ ಎಂಬ ಹೆಸರಿದೆ. ಇವುಗಳಲ್ಲಿ ಸೌಪರ್ಣಿಕೆಯ ನಡೆ ಎಲ್ಲಕ್ಕಿಂತ ವಿಲಕ್ಷಣ. ಕೊಡಚಾದ್ರಿಯ ಕಡೆಯಿಂದ ಕೊಲ್ಲೂರನ್ನು ಹಾದು ಬರುವ ಈ ಹೊಳೆ ಮರವಂತೆಯಲ್ಲಿ ಹೆದ್ದಾರಿಯೊಂದರ ಅಗಲದಷ್ಟು ಅಂತರದಲ್ಲಿ ಕಡಲಿಗೆ ಎದುರಾಗುತ್ತದೆ, ಆದರೆ ಅಲ್ಲಿ ಕಡಲು ಸೇರದೆ ದಕ್ಷಿಣಕ್ಕೆ ಹೊರಳಿ, ಇನ್ನೂ ಹಲವು ಕಿಲೋಮೀಟರು ದಡಕ್ಕೆ ಸಮಾನಾಂತರವಾಗಿ ಹರಿದು ಗಂಗೊಳ್ಳಿಯ ಬಳಿ ಉಳಿದ ಹೊಳೆಗಳನ್ನು ಕೂಡಿಕೊಳ್ಳುತ್ತದೆ. ಹೀಗಾಗಿ ಗಂಗೊಳ್ಳಿ ಕಡಲಿಗೂ ಹೊಳೆಗೂ ನಡುವೆ ಚಾಚಿದ ನೆಲದ ತುದಿಯಲ್ಲಿದೆ. ಎದುರಿನ ಕುಂದಾಪುರ ಪೇಟೆ ನೀರಿನ ಮೇಲೆ ಕಣ್ಣಳತೆಯ ದೂರವಾದರೂ ರಸ್ತೆ ಹಿಡಿದು ಹೊರಟವರು ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರುಗಳನ್ನು ಬಳಸಿಕೊಂಡು ಹೋಗಬೇಕು. ಹೊಳೆಗಳ ನಡುವೆ ಕುದ್ರುಗಳಿವೆ. ಕುದ್ರು ಎಂದರೆ ನದಿ ಸುತ್ತುವರಿದ ನಡುಗಡ್ಡೆ. ಯಕ್ಷಗಾನದ ಸೂತ್ರದ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಅವುಗಳಲ್ಲೊಂದು. ವಾರಾಹಿಯ ದಂಡೆಯ ಬಸ್ರೂರು ಹಿಂದೆ ದೊಡ್ಡ ವ್ಯಾಪಾರದ ಊರಾಗಿತ್ತು. 1665ರಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಅದನ್ನು ಕೊಳ್ಳೆ ಹೊಡೆದದ್ದು ಇತಿಹಾಸದ ಪುಸ್ತಕಗಳಲ್ಲಿದೆ. ದೋಣಿಯವರ ಮಾತಿನಲ್ಲಿ ಮಾತ್ರ ಇವೆಲ್ಲ ಬರುತ್ತಿದ್ದುದು ಎಲ್ಲಿ ಆಳ, ಎಲ್ಲಿ ಹೂಳು ಎಂಬ ಲೆಕ್ಕದಲ್ಲಷ್ಟೇ.

ಮಾವನ ದೋಣಿ ಹಳೆಯ ಬಗೆಯದು. ಅದರ ತಳ ಒಂದೇ ಮರದ ದಿಮ್ಮಿಯನ್ನು ಕೊರೆದು ತೋಡಿದ್ದು. ಎರಡೂ ಬದಿಗೆ ಹಲಗೆಗಳನ್ನು ಏರಿಸಿ ಒಡಲನ್ನು ಎತ್ತರಿಸಲಾಗಿತ್ತು. ದೋಣಿ ಕಟ್ಟುವವರು ಹೆಚ್ಚು ನೆಚ್ಚುತ್ತಿದ್ದುದು ಹೆಬ್ಬಲಸನ್ನು, ಏಕೆಂದರೆ ಅದರ ತಿರುಳು ಉಪ್ಪುನೀರಿನಲ್ಲಿ ಬಹುಕಾಲ ಕೊಳೆಯದೆ ಬಾಳುತ್ತದೆ; ಕೈಯಲ್ಲಿ ಕಾಸು ಕಡಿಮೆಯಿದ್ದವರು ಮಾವಿನ ಮರಕ್ಕೆ ತೃಪ್ತಿಪಡುತ್ತಿದ್ದರು. ಹಾಯಿ ಕಟ್ಟುವ ಕಂಬಕ್ಕೆ, ಅಂದರೆ ಕೂವೆಮರಕ್ಕೆ, ಘಟ್ಟದಲ್ಲಿ ನೆಟ್ಟಗೆ ಬೆಳೆಯುವ ಸುರಹೊನ್ನೆ ಜಾತಿಯ ಮರಗಳು ಬೇಕಾಗಿದ್ದವು. ಇಂಗ್ಲಿಷರ ಕಾಲದಲ್ಲಿ ಕೆನರಾದ ಕಾಡುಗಳಿಂದ ಇವೇ ಮರಗಳು ಹಡಗುಗಳ ಕೂವೆಗಾಗಿ ಸಾಗಿಹೋಗುತ್ತಿದ್ದವು. ಹಲಗೆಗಳನ್ನು ಕೂಡಿಸುವುದರಲ್ಲಿ ಎರಡು ಪದ್ಧತಿಗಳಿದ್ದವು. ಒಂದರಲ್ಲಿ ತಾಮ್ರದ ಮೊಳೆ ಹೊಡೆಯುತ್ತಾರೆ. ಇನ್ನೊಂದರಲ್ಲಿ ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ. ಹೊಲಿದ ದೋಣಿ ಮರಳಿನ ದಿಬ್ಬಕ್ಕೆ ಬಡಿದಾಗ ಮೊಳೆಯ ದೋಣಿಯಂತೆ ಸೀಳದೆ ತುಸು ಬಾಗಿ ಬಳುಕುತ್ತದೆ, ಆದರೆ ನಾರು ಸವೆಯುವುದರಿಂದ ಅದನ್ನು ಬಿಚ್ಚಿ ಹೊಸದಾಗಿ ಹೊಲಿಯುವ ಕೆಲಸ ಎಂದಿಗೂ ತಪ್ಪುವುದಿಲ್ಲ. ಅರಬ್ಬೀ ಸಮುದ್ರದ ಸುತ್ತಲಿನ ನಾಡುಗಳಿಗೆಲ್ಲ ಸಮಾನವಾಗಿದ್ದ ಈ ವಿದ್ಯೆಯ ಬಲವನ್ನು ಪರೀಕ್ಷಿಸಲೆಂದು ಸಾಹಸಯಾತ್ರಿ ಟಿಮ್ ಸೆವೆರಿನ್ 1980ರಲ್ಲಿ ‘ಸೊಹಾರ್’ ಎಂಬ ಹೊಲಿದ ಹಡಗನ್ನು ಒಮಾನಿನಿಂದ ಚೀನಾದತ್ತ ಹೊರಡಿಸಿದ್ದ. ಅದರ ಮರ ಹೋದದ್ದು ಭಾರತದ ಪಶ್ಚಿಮ ಕರಾವಳಿಯಿಂದಲೇ. ಅದೇ ವಿದ್ಯೆಯಿಂದ ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ ತಿಂಗಳಿನಲ್ಲಿ ಕಾರವಾರದ ನೌಕಾನೆಲೆಯಲ್ಲಿ ಭಾರತದ ನೌಕಾಪಡೆಯನ್ನು ಸೇರಿತು. ಗಂಗೊಳ್ಳಿಯ ದಡದಲ್ಲಿ ಹೊಲಿಗೆ ಬಿಚ್ಚುತ್ತ ಕೂತಿದ್ದವರಿಗೆ ತಮ್ಮ ಕೈಯಲ್ಲಿರುವುದು ಇಂಥ ಗೌರವಕ್ಕೆ ಪಾತ್ರವಾಗುವ ವಿದ್ಯೆ ಎಂದು ಯಾರಾದರೂ ಹೇಳಿದ್ದರೆ ಅವರು ನಗುತ್ತಿದ್ದರು. ಅವರ ಪಾಲಿಗೆ ಅದು ಬೆರಳು ಕೊಯ್ಯುವ ಬೇಸರದ ಕೆಲಸ.

ಮರದ ದೋಣಿಗೆ ಆರೈಕೆ ಏಕೆ ಬೇಕು ಎಂಬುದಕ್ಕೆ ಉತ್ತರ ನೀರಿನೊಳಗೇ ಇದೆ. ತಳಕ್ಕೆ ಅಂಟಿ ಬೆಳೆಯುವ, ಸುಣ್ಣದ ಗಟ್ಟಿ ಕವಚವಿರುವ ಬಾರ್ನಕಲ್ ಎಂಬ ಪುಟ್ಟ ಜೀವಿ ನೋಡಲು ಚಿಪ್ಪಿನಂತಿದ್ದರೂ ಏಡಿ, ಸಿಗಡಿಗಳ ಬಳಗದ್ದು. ಇದು ದೋಣಿಯನ್ನು ತಿನ್ನುವುದಿಲ್ಲ, ಮೈಯನ್ನು ಒರಟಾಗಿಸಿ ಓಟವನ್ನು ತಗ್ಗಿಸುತ್ತದೆ, ಹುಟ್ಟು ಹಾಕುವವರ ತೋಳನ್ನು ದಣಿಸುತ್ತದೆ. ಇದಕ್ಕಿಂತ ಘೋರವಾದದ್ದು ಮರ ಕೊರೆಯುವ ಹುಳು. ಹುಳುವೆಂದು ಕರೆದರೂ ಇದು ವಾಸ್ತವದಲ್ಲಿ ಮರುವಾಯಿಯಂಥ ಚಿಪ್ಪುಜೀವಿಗಳ ಸಂಬಂಧಿ. ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಮರಿಯಾಗಿ ಒಳಹೊಕ್ಕು, ತಲೆಯ ತುದಿಯಲ್ಲಿರುವ ಚಿಪ್ಪುಗಳನ್ನೇ ಅರದಂತೆ ಬಳಸಿ ಮರವನ್ನು ಕೊರೆಯುತ್ತ ಒಳಗೊಳಗೇ ಉದ್ದವಾಗಿ ಬೆಳೆಯುತ್ತದೆ, ಕೊರೆದ ದಾರಿಗೆ ಸುಣ್ಣದ ಲೇಪ ಬಳಿಯುತ್ತ ಸಾಗುತ್ತದೆ. ಹೊರಗೆ ಹಲಗೆ ನಯವಾಗಿಯೇ ಕಾಣುತ್ತಿರುವಾಗ ಒಳಗೆ ಅದು ಟೊಳ್ಳಾಗಿರುತ್ತದೆ. ಇದರ ದೌರ್ಬಲ್ಯವೆಂದರೆ ಸಿಹಿನೀರು ಮತ್ತು ಒಣ ಗಾಳಿ. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಅಳಿವೆ ಸಿಹಿಯಾದಾಗ ಇದರ ಹಾವಳಿ ತಗ್ಗುತ್ತದೆ. ಉಪ್ಪು ಮೇಲೇರಿ ಹೊಳೆಯ ಒಳಗಿನವರೆಗೂ ನುಗ್ಗುವ ಮಾಘ, ಫಾಲ್ಗುಣಗಳಲ್ಲಿ ದೋಣಿಯನ್ನು ದಡಕ್ಕೆಳೆದು ಒಣಗಿಸುವುದೊಂದೇ ಉಪಾಯ.

ಎಳೆಯುವುದಕ್ಕೂ ಇಳಿಸುವುದಕ್ಕೂ ಮುಹೂರ್ತವಿಡುತ್ತಿದ್ದವನು ಚಂದ್ರ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ಹನ್ನೆರಡೂವರೆ ಗಂಟೆಯ ಅಂತರವಿರುವುದರಿಂದ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಮತ್ತು ಚಂದ್ರರ ಸೆಳೆತಗಳು ಕೂಡುವುದರಿಂದ ನೀರು ಉಳಿದ ದಿನಗಳಿಗಿಂತ ಎತ್ತರಕ್ಕೆ ಏರುತ್ತದೆ. ಅಂಥ ದೊಡ್ಡ ಉಬ್ಬರದಲ್ಲಿ ದೋಣಿಯನ್ನು ದಂಡೆಯ ನೆತ್ತಿಯವರೆಗೂ ತೇಲಿಸಿ ತಂದು, ಅಲ್ಲಿಂದ ಉರುಳುಮರಗಳ ಮೇಲೆ ತೆಂಗಿನ ತೋಟದ ನೆರಳಿಗೆ ಎಳೆದರೆ ಅರ್ಧ ಶ್ರಮ ಉಳಿಯುತ್ತಿತ್ತು. ಆದರೆ ಒಮ್ಮೆ ಹಾಗೆ ಏರಿಸಿದ ಮೇಲೆ ಅಷ್ಟೇ ಎತ್ತರದ ಇನ್ನೊಂದು ಉಬ್ಬರ ಬರುವವರೆಗೆ, ಅಂದರೆ ಒಂದು ಪಕ್ಷದ ಕಾಲ, ಕಾಯಬೇಕು. ದೋಣಿ ಒಣಗಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ದಿನ. ಹುಣ್ಣಿಮೆಗೆ ಏರಿದ ದೋಣಿ ಅಮಾವಾಸ್ಯೆ ಕಳೆದ ಬಿದಿಗೆಗೆ ಇಳಿಯುತ್ತಿತ್ತು.

ಆ ಹದಿನೈದು ದಿನಗಳ ಕೆಲಸ ಅವಸರದ್ದಲ್ಲ. ಮೊದಲು ತಳವನ್ನು ಮೊಂಡು ಕತ್ತಿಯಿಂದಲೂ ಕರಟದ ಚೂರುಗಳಿಂದಲೂ ಹೆರೆದು ಚಿಪ್ಪು, ಪಾಚಿಗಳನ್ನು ಕಳೆಯುತ್ತಿದ್ದರು. ಮಕ್ಕಳಿಗೆ ಒಪ್ಪಿಸುತ್ತಿದ್ದ ಕೆಲಸಗಳಲ್ಲಿ ಇದು ಅತಿ ನೀರಸವಾದದ್ದು. ಆಮೇಲೆ ತೆಂಗಿನ ಒಣ ಗರಿಗಳನ್ನು ಕಟ್ಟಿ ಮಾಡಿದ ಸೂಡಿಯನ್ನು ಹೊತ್ತಿಸಿ, ಮಗ್ಗುಲಿಗೆ ಹೊರಳಿಸಿಟ್ಟ ದೋಣಿಯ ತಳದುದ್ದಕ್ಕೂ ಉರಿ ತಾಗಿಯೂ ತಾಗದಂತೆ ಆಡಿಸುತ್ತಿದ್ದರು. ಮರ ಸುಡಬಾರದು, ಅದರೊಳಗಿನ ಹುಳು ಉಳಿಯಬಾರದು. ಈ ಎರಡರ ನಡುವಿನ ಹದ ಗೊತ್ತಿದ್ದ ಹಿರಿಯರೊಬ್ಬರೇ ಸೂಡಿ ಹಿಡಿಯುತ್ತಿದ್ದರು, ಉಳಿದವರು ನೀರಿನ ಕೊಡ ಹಿಡಿದು ನಿಲ್ಲುತ್ತಿದ್ದರು. ಅನಂತರದ್ದು ಆಚಾರಿಯ ಸರದಿ. ಆತ ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಹಲಗೆಗಳನ್ನು ತಟ್ಟುತ್ತ ಸಾಗುತ್ತಿದ್ದ. ಗಟ್ಟಿ ಮರದ ಸದ್ದು ಚುರುಕು, ಟೊಳ್ಳು ಮರದ್ದು ಮಂದ, ಮಂದವೆನಿಸಿದಲ್ಲಿ ಸೀಮೆಸುಣ್ಣದ ಗುರುತು ಬೀಳುತ್ತಿತ್ತು. ಸಂದುಗಳಲ್ಲಿ ಸಡಿಲಗೊಂಡ ಹಳೆಯ ಹತ್ತಿಯನ್ನು ಕಿತ್ತು, ಹೊಸ ಹತ್ತಿಯನ್ನು ಹೊಸೆದು ಎಣ್ಣೆಯಲ್ಲಿ ಅದ್ದಿ, ಮೊಂಡು ಉಳಿಯಿಂದ ಒತ್ತೊತ್ತಾಗಿ ತುಂಬಬೇಕು. ಈ ತುಂಬುವಿಕೆಯಲ್ಲಿ ಹೊಸಬರಿಗೆ ಅರ್ಥವಾಗದ ಸೂಕ್ಷ್ಮವೊಂದಿತ್ತು: ಹತ್ತಿಯನ್ನು ಬಲವಂತದಿಂದ ಗಿಡಿದುಬಿಟ್ಟರೆ ನೀರಿಗೆ ಬಿದ್ದ ಮರ ಉಬ್ಬಿದಾಗ ಹಲಗೆಗೆ ಹಲಗೆ ಒತ್ತಿ ಮೊಳೆಯೋ ಹೊಲಿಗೆಯೋ ಸಡಿಲವಾಗುತ್ತದೆ. ಆದ್ದರಿಂದ ಸಂದನ್ನು ಪೂರ್ತಿ ಮುಚ್ಚದೆ, ಮರ ಹಿಗ್ಗುವುದಕ್ಕೆ ಎಡೆ ಉಳಿಸಿಯೇ ತುಂಬುತ್ತಿದ್ದರು. ದಡದಲ್ಲಿರುವಷ್ಟು ಹೊತ್ತು ದೋಣಿ ಸೋರುವಂತೆಯೇ ಇರಬೇಕು ಎಂಬ ಈ ನಿಯಮದ ಮೇಲೆ ಆ ಬಿಡುವಿನ ದಿನ ನಿಂತಿತ್ತು.

ಎಣ್ಣೆಯ ವಿಷಯ ತುಸು ಬಿಡಿಸಿ ಹೇಳುವಂಥದ್ದು. ಬೂತಾಯಿಯಿಂದ, ಕುಂದಾಪುರದವರ ಮಾತಿನಲ್ಲಿ ಬೈಗೆಯಿಂದ, ತೆಗೆದ ಮೀನೆಣ್ಣೆಗೆ ಧೂಪದ ಮರದ ರಾಳವನ್ನು, ಅಂದರೆ ಗಟ್ಟಿಯಾದ ಅಂಟನ್ನು, ಪುಡಿಮಾಡಿ ಹಾಕಿ ಕಾಯಿಸುತ್ತಿದ್ದರು. ರಾಳ ಕರಗಿ ಎಣ್ಣೆ ಮಂದವಾದಾಗ ಬಿಸಿಯಿರುವಂತೆಯೇ ಬಟ್ಟೆಯ ಉಂಡೆಯಿಂದ ಮರಕ್ಕೆ ತಿಕ್ಕಬೇಕು. ರಂಪಣಿಯ ಕಾಲದಲ್ಲಿ, ಅಂದರೆ ದಡದಿಂದ ನೂರಾರು ಕೈಗಳು ಒಟ್ಟಾಗಿ ಎಳೆಯುತ್ತಿದ್ದ ಆ ಮಹಾಬಲೆಯ ಕಾಲದಲ್ಲಿ, ಒಮ್ಮೊಮ್ಮೆ ಬೂತಾಯಿ ಊಟಕ್ಕೂ ಮಾರಾಟಕ್ಕೂ ಮೀರಿ ಸಿಕ್ಕಿದಾಗ ಎಣ್ಣೆ ತೆಗೆದು ಗಸಿಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದುದರಿಂದ ಮೀನೆಣ್ಣೆಗೆ ಬರವಿರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ, ಅಂದರೆ ಯಾಂತ್ರಿಕ ದೋಣಿಯಿಂದ ಮೀನಿನ ಹಿಂಡನ್ನು ಸುತ್ತುವರಿದು ಚೀಲದ ಬಾಯಿಯಂತೆ ಬಿಗಿಯುವ ಬಲೆ, ಬಂದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿತು, ದಡದ ಎಣ್ಣೆಯ ಒಲೆಗಳೂ ಒಂದೊಂದಾಗಿ ಆರಿದವು. ದೋಣಿಯ ಒಳಮೈಗೆ ಕೆಲವರು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಕೀಟಗಳನ್ನು ದೂರವಿಡುವ ಅದು ಚರ್ಮವನ್ನೂ ಸುಡುವುದರಿಂದ ಮಕ್ಕಳನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ಮೀನೆಣ್ಣೆಯ ವಾಸನೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ: ಕೂದಲಿಗೆ ಹತ್ತಿದರೆ ಸೀಗೆಪುಡಿಗೂ ಸೋಲದ ಆ ವಾಸನೆಯಿಂದಾಗಿ ಶಾಲೆಯಲ್ಲಿ ಹುಡುಗನ ಬೆಂಚು ಖಾಲಿಯಾಗುತ್ತಿತ್ತು.

ಬಿದಿಗೆಯ ಬೆಳಿಗ್ಗೆ, ನೀರು ಏರುತ್ತಿರುವಾಗಲೇ, ಮೂತಿಗೆ ಕುಂಕುಮ ಹಚ್ಚಿ ಕೆಂಪು ದಾಸವಾಳ ಇಟ್ಟು ಕಾಯಿ ಒಡೆದ ಮೇಲೆ ದೋಣಿಯನ್ನು ತಳ್ಳುತ್ತಿದ್ದರು. ನೂಲ ಹುಣ್ಣಿಮೆಯಂದು ಹಾಲು, ತೆಂಗಿನಕಾಯಿ ಅರ್ಪಿಸಿ ಸಲ್ಲಿಸುವ ಸಮುದ್ರಪೂಜೆಯ ಸಡಗರ ಇದಕ್ಕಿರಲಿಲ್ಲ. ಮನೆಯವರು, ಆಚಾರಿ, ನೆರೆಯ ನಾಲ್ಕು ಜನ, ಅಷ್ಟೇ. ನೀರಿಗೆ ತಾಗಿದ ಕ್ಷಣದಿಂದ ಒಣಗಿ ಕುಗ್ಗಿದ್ದ ಹಲಗೆಗಳ ಸಂದುಗಳಿಂದ ನೀರು ಒಸರತೊಡಗುತ್ತಿತ್ತು. ಅರಿಯದವರು ಗಾಬರಿಯಾಗುವಷ್ಟು ನೀರು ಅದು. ಮರದ ನಾರುಗಳು ಆ ನೀರನ್ನು ಹೀರಿ ಅಡ್ಡಗಲಕ್ಕೆ ಹಿಗ್ಗಿ, ಹಲಗೆಗಳು ಒಂದನ್ನೊಂದು ಒತ್ತಿ, ನಡುವಿನ ಹತ್ತಿ ಬಿಗಿಯುವವರೆಗೆ ಹಲವು ಗಂಟೆಗಳು ಬೇಕು. ಅಲ್ಲಿಯವರೆಗೆ ದೋಣಿಯ ಮೇಲೆ ಭಾರ ಹೇರುವಂತಿಲ್ಲ, ಅಳಿವೆಯ ಬಾಯಿಯ ಅಲೆಗಳಿಗೆ ಒಡ್ಡುವಂತಿಲ್ಲ. ಹಾಗೆಂದು ಕಟ್ಟಿಹಾಕುವುದೂ ಸರಿಯಲ್ಲ, ಏಕೆಂದರೆ ನಿಂತ ದೋಣಿಯಲ್ಲಿ ನೀರಿಗೆ ಮುಳುಗಿದ ಕೆಳಹಲಗೆಗಳಷ್ಟೇ ಉಬ್ಬುತ್ತವೆ; ನಡೆಯುವ ದೋಣಿ ಆಚೀಚೆ ವಾಲಿ ಮೇಲಿನ ಹಲಗೆಗಳನ್ನೂ ನೆನೆಸುತ್ತದೆ, ಮೈಯನ್ನು ತಿರುಚಿ ಎಲ್ಲಿ ಸಡಿಲವಿದೆ ಎಂಬುದನ್ನೂ ತೋರಿಸುತ್ತದೆ. “ಆಚಾರ್ರೆ, ಕುಡೀತಿತ್ತ್ ಕಾಣಿ” ಎಂದು ಮಾವ ಕೂಗಿದರೆ, ದಡದಲ್ಲಿ ಎಲೆಯಡಿಕೆ ಹಾಕುತ್ತ ಕೂತ ಆಚಾರಿ “ಅಡ್ಡಿಲ್ಲೆ, ಕುಡೀಲಿ, ಸಂಜಿಗೆ ಸಮ ಆತ್ತ್” ಎನ್ನುತ್ತಿದ್ದ. ಅಷ್ಟು ಹೇಳಿದ ಮೇಲೆ ಆ ದಿನ ಮಾಡಲು ಉಳಿದದ್ದು ಎರಡೇ: ಸುತ್ತಾಡುವುದು, ನೀರು ಮೊಗೆಯುವುದು.

ಸುತ್ತಾಟದ ದಾರಿಯನ್ನು ಕೂಡ ಉಬ್ಬರವೇ ನಿರ್ಧರಿಸುತ್ತಿತ್ತು. ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ನೀರು ತುಂಬುವುದು ನಡುಹಗಲಿನ ಹೊತ್ತಿಗೆ. ಆದ್ದರಿಂದ ಬೆಳಿಗ್ಗೆ ಹೊರಟವರನ್ನು ಒಳಮುಖವಾಗಿ ಹರಿಯುವ ಕಡಲ ನೀರೇ ಸೌಪರ್ಣಿಕೆಯ ಮೇಲಕ್ಕೆ ಒಯ್ಯುತ್ತಿತ್ತು. ಹುಟ್ಟುಗಳಿಗೆ ಹೆಚ್ಚು ಕೆಲಸವಿಲ್ಲ. ಹಿಂದೆ ಕೂತ ಮಾವ ಹುಟ್ಟಿನ ಅಲಗನ್ನೇ ಚುಕ್ಕಾಣಿಯಂತೆ ನೀರಿಗೆ ಒಡ್ಡಿ ದಿಕ್ಕು ತಿದ್ದುತ್ತಿದ್ದರು. ಹುಡುಗ ಅಡಿಕೆ ಹಾಳೆಯನ್ನು ಮಡಚಿ ಹೊಲಿದ ಮೊಗೆಯಿಂದ ನೀರು ಚೆಲ್ಲುತ್ತಿದ್ದ. ಎಲ್ಲಿಂದ ನೀರು ಬರುತ್ತಿದೆ ಎಂಬುದನ್ನು ಬೆರಳಿಟ್ಟು ಗುರುತಿಸುವುದೂ ಅವನ ಕೆಲಸಕ್ಕೆ ಸೇರಿತ್ತು, ಮತ್ತು ದೋಣಿಯ ಒಂದೊಂದು ಹಲಗೆಯ ಪರಿಚಯ ಅವನಿಗಾದದ್ದು ಹೀಗೆ. ದಡದಲ್ಲಿ ಕಾಂಡ್ಲಾ ಗಿಡಗಳು, ಉಪ್ಪುನೀರಿನ ಕೆಸರಿನಲ್ಲಿ ಬೇರುಗಳನ್ನು ಮೇಲೆತ್ತಿ ನಿಲ್ಲುವವು, ಉಬ್ಬರದಲ್ಲಿ ಸೊಂಟದವರೆಗೆ ಮುಳುಗಿರುತ್ತಿದ್ದವು. ಕಂದು ರೆಕ್ಕೆಯ, ಬಿಳಿ ತಲೆಯ ಗರುಡಗಳು ಬಂದರಿನ ಮೇಲೆ ಸುತ್ತುತ್ತಿದ್ದವು; ಮೇಲಕ್ಕೆ ಹೋದಂತೆ ಅವು ಕಡಿಮೆಯಾಗಿ ನೀರುಕಾಗೆ, ಮಿಂಚುಳ್ಳಿಗಳು ಹೆಚ್ಚುತ್ತಿದ್ದವು. ಇತರ ದಿನಗಳಲ್ಲಿ ಇದೇ ನೀರಿನ ಮೇಲೆ ಹೋಗುವಾಗ ಮಾವನ ಕಣ್ಣು ನೀರಿನ ಬಣ್ಣ, ಹಕ್ಕಿ ಎರಗುವ ಜಾಗ, ಮೀನು ಕದಡಿದ ಗುರುತು ಇವುಗಳನ್ನೇ ಹುಡುಕುತ್ತಿತ್ತು. ಆ ದಿನ ಅವರು ದಡದ ಮನೆಗಳವರೊಂದಿಗೆ ಗಟ್ಟಿದನಿಯಲ್ಲಿ ಮಾತಾಡುತ್ತಿದ್ದರು: ಯಾರ ಮಗಳಿಗೆ ಸಂಬಂಧ ನೋಡಿದ್ದಾರೆ, ಯಾರ ಗದ್ದೆಗೆ ಉಪ್ಪುನೀರು ನುಗ್ಗಿತು, ಯಾವ ಮೇಳದ ಆಟ ಎಲ್ಲಿದೆ ಎಂದು. ಜೀವನವಿಡೀ ನೀರಿನ ಮೇಲಿದ್ದವರು ನೀರಿನಿಂದ ಏನನ್ನೂ ಬಯಸದೆ ಅದರ ಮೇಲೆ ಹೋದ ದಿನ ಬಹುಶಃ ಅದೊಂದೇ.

ಅರಾಟೆಯ ಸೇತುವೆಯ ಆಚೆ, ನೆರಳಿದ್ದ ಕಡೆ ಲಂಗರು ಹಾಕಿ ಬುತ್ತಿ ಬಿಚ್ಚುವುದು ರೂಢಿ. ಕುಚಲಕ್ಕಿಯ ಅನ್ನ, ಒಣಮೀನಿನ ಚಟ್ನಿ, ಮಿಡಿ ಉಪ್ಪಿನಕಾಯಿ. ಅಷ್ಟು ಹೊತ್ತಿಗೆ ನೀರು ತುಂಬಿ ನಿಲ್ಲುತ್ತಿತ್ತು, ಹೊಳೆ ಯಾವ ಕಡೆಗೂ ಹರಿಯದ ಆ ಅರ್ಧ ಗಂಟೆಯಲ್ಲಿ ದೋಣಿ ಲಂಗರಿನ ಹಗ್ಗವನ್ನು ಎಳೆಯುವುದನ್ನೂ ಬಿಟ್ಟುಬಿಡುತ್ತಿತ್ತು. ಆಮೇಲೆ ಇಳಿತ ಶುರುವಾದಾಗ ಅದೇ ನೀರು ಹಿಂದಕ್ಕೆ ಒಯ್ಯುತ್ತಿತ್ತು. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇರಿದಾಗ ಅದರ ಜಾಗ ತುಂಬಲು ಕಡಲಿನಿಂದ ಬೀಸುವ ಮಧ್ಯಾಹ್ನದ ಗಾಳಿ ಈ ಹೊತ್ತಿಗೆ ಎದುರಾಗುತ್ತಿದ್ದುದರಿಂದ, ನೀರು ಒಂದು ಕಡೆಗೆ, ಗಾಳಿ ಇನ್ನೊಂದು ಕಡೆಗೆ ಎಳೆದು ಅಳಿವೆಯ ಅಗಲವಾದ ಭಾಗದಲ್ಲಿ ಚಿಕ್ಕ ಚಿಕ್ಕ ಕಡಿದಾದ ಅಲೆಗಳೇಳುತ್ತಿದ್ದವು. ಈ ಅಲೆಗಳನ್ನು ಮಾವ ಬೇಕೆಂದೇ ಹುಡುಕಿಕೊಂಡು ಹೋಗುತ್ತಿದ್ದರು. ದೋಣಿಯನ್ನು ಅಡ್ಡ ಹಿಡಿದು ಕುಲುಕಾಡಿಸಿ, ಒಸರು ಹೆಚ್ಚಿತೇ ಎಂದು ಹುಡುಗನನ್ನು ಕೇಳುತ್ತಿದ್ದರು; ಬೆಳಿಗ್ಗೆ ಎಡೆಬಿಡದೆ ಮೊಗೆಯಬೇಕಾಗಿದ್ದವನಿಗೆ ಈಗ ಕೈ ಕಟ್ಟಿ ಕೂರುವಷ್ಟು ಬಿಡುವು ಸಿಕ್ಕಿದ್ದರೆ ಪರೀಕ್ಷೆ ಮುಗಿಯಿತೆಂದು ಅರ್ಥ. ಅಳಿವೆಯ ಬಾಯಿಯನ್ನು ಮಾತ್ರ ಅಂದು ದಾಟುತ್ತಿರಲಿಲ್ಲ. ಹೊಳೆಯ ನೀರೂ ಕಡಲ ಅಲೆಯೂ ಡಿಕ್ಕಿಯಾಗುವಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ದೋಣಿಗಳು ಮಗುಚುವುದು ಹೆಚ್ಚಾಗಿ ಅಲ್ಲಿಯೇ. ಆ ದಿಬ್ಬ ಈ ಪಕ್ಷದಲ್ಲಿ ಎಲ್ಲಿ ಸರಿದಿದೆ, ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯದೆ ಜಾರುತ್ತದೆ ಎಂಬುದನ್ನು ದೂರದಿಂದಲೇ ಬಹಳ ಹೊತ್ತು ನೋಡಿಕೊಂಡು ಹಿಂದಿರುಗುತ್ತಿದ್ದರು.

1980ರ ದಶಕ ಮುಗಿಯುವುದರೊಳಗೆ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನುಗಳು, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಯಂತ್ರಗಳು, ಬಂದವು. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಹೊರಳಿಸುವ ಆ ಎಂಜಿನಿನ ನಡುಕಕ್ಕೆ ಹಳೆಯ ಹಲಗೆದೋಣಿಗಳ ಸಂದುಗಳು ತಾಳಲಿಲ್ಲ. ಹೆಬ್ಬಲಸಿನ ದಿಮ್ಮಿಯೂ ಕೈಗೆಟುಕದಂತಾಯಿತು. ಗಾಜಿನ ನಾರಿನ ಹಾಸುಗಳನ್ನು ರೆಸಿನ್ ಎಂಬ ದ್ರವದಲ್ಲಿ ನೆನೆಸಿ ಅಚ್ಚಿನ ಮೇಲೆ ಪದರ ಪದರವಾಗಿ ಹಾಕಿ ಗಟ್ಟಿಗೊಳಿಸುವ ಫೈಬರ್ ದೋಣಿ ಆ ಜಾಗಕ್ಕೆ ಬಂದಿತು. ಅದಕ್ಕೆ ಸಂದುಗಳಿಲ್ಲ, ಹುಳು ಅದನ್ನು ಕೊರೆಯಲಾರದು, ಒಣಗಿ ಕುಗ್ಗುವುದಿಲ್ಲ. ಅಚ್ಚಿನಿಂದ ಬಿಡಿಸಿ ತಂದ ದಿನವೇ ಬಲೆ ಹೇರಿಕೊಂಡು ಕಡಲಿಗೆ ಹೋಗಬಹುದು. ದೊಡ್ಡ ಯಾಂತ್ರಿಕ ದೋಣಿಗಳಿಗಂತೂ ಆರೈಕೆಯ ಕಾಲವನ್ನು ಚಂದ್ರನ ಬದಲು ಸರ್ಕಾರ ನಿಗದಿ ಮಾಡುತ್ತದೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಳು ಮರಿ ಮಾಡುವ ಕಾಲವೆಂದು ಜಾರಿಯಲ್ಲಿರುವ 61 ದಿನಗಳ ನಿಷೇಧದ ಅವಧಿಯಲ್ಲಿ ಎಂಜಿನು ಬಿಚ್ಚುವುದು, ಬಣ್ಣ ಬಳಿಯುವುದು ಎಲ್ಲವೂ ನಡೆಯುತ್ತದೆ. ಅಳಿವೆಯ ಬಾಯಿಗೆ ಈಗ ಕಲ್ಲಿನ ತಡೆಗೋಡೆಗಳಿವೆ. ಕುಂದಾಪುರದ ಕೋಡಿಯ ಕಡೆಯ ಗೋಡೆಯ ಮೇಲೆ ಸಂಜೆಹೊತ್ತು ಜನ ವಾಯುವಿಹಾರಕ್ಕೆ ಬರುತ್ತಾರೆ. ದಕ್ಷಿಣಕ್ಕೆ ಸಾಲಿಗ್ರಾಮದ ಹತ್ತಿರ ಸೀತಾ ಹೊಳೆಯ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರು ಹಣ ಕೊಟ್ಟು ಕಾಯಕ್ ನಡೆಸುತ್ತಾರೆ, ಅದರಲ್ಲಿ ಅವರಿಗೆ ದೊರೆಯುವ ಸುಖವನ್ನು ಸುಳ್ಳೆನ್ನಲು ಕಾರಣವಿಲ್ಲ. ಆದರೆ ಕೆಲಸದ ಒಳಗಿನಿಂದಲೇ ಒದಗಿಬರುತ್ತಿದ್ದ ಬಿಡುವು, ಸುತ್ತಾಡದಿದ್ದರೆ ಕೆಲಸ ಅಪೂರ್ಣವಾಗುತ್ತದೆ ಎಂಬ ಕಾರಣಕ್ಕೆ ಸುತ್ತಾಡಬೇಕಾಗಿದ್ದ ಆ ಬಗೆಯ ಬಿಡುವು, ಇದಕ್ಕಿಂತ ಬೇರೆಯದು.

ಈ ಮಾತನ್ನು ಮಾವ ಒಪ್ಪುವುದಿಲ್ಲ. ಎಂಬತ್ತು ದಾಟಿದ ಅವರ ಪ್ರಕಾರ ಫೈಬರ್ ದೋಣಿ ಇನ್ನೂ ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು. “ದೋಣಿ ಎಳ್ದ್ ಎಳ್ದ್ ಬೆನ್ನ್ ಹೋದದ್ದ್ ನಮ್ದ್, ನಿಂಗೆ ಚಂದ ಕಾಂತ್ ಮರಾಯ” ಎಂದು ಅವರು ಹೇಳಿದ್ದಕ್ಕೆ ಎದುರಾಡುವುದು ಕಷ್ಟ. ಅವರ ಮಗನ ಫೈಬರ್ ದೋಣಿಯ ಆರೈಕೆ ಎಂದರೆ ಮುಖ್ಯವಾಗಿ ಎಂಜಿನಿನದು: ಕಡಲಿನಿಂದ ಬಂದ ಕೂಡಲೇ ಅದನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಓಡಿಸಿ, ತಂಪು ಮಾಡುವ ಕೊಳವೆಗಳಲ್ಲಿ ಸೇರಿದ ಉಪ್ಪನ್ನು ತೊಳೆಯಬೇಕು, ಪ್ಲಗ್ಗಿನ ಮಸಿ ಒರೆಸಬೇಕು, ತಳ ಬಿರಿದಲ್ಲಿ ಉಜ್ಜಿ, ಹೊಸ ಹಾಸು ಅಂಟಿಸಿ, ರೆಸಿನ್ ಬಳಿಯಬೇಕು. ಗಾಜಿನ ನಾರಿನ ಪುಡಿ ಮೈಗೆ ತಾಗಿ ಎರಡು ದಿನ ತುರಿಸುತ್ತದೆ ಎಂಬುದೊಂದು ಬಿಟ್ಟರೆ ಈ ದುರಸ್ತಿಯಲ್ಲಿ ದೂರಲು ಏನೂ ಇಲ್ಲ, ಮತ್ತು ಮಧ್ಯಾಹ್ನ ಬಳಿದ ತೇಪೆ ಗಟ್ಟಿಯಾಗಿ ಮರುದಿನ ನಸುಕಿಗೆ ದೋಣಿ ಮೀನಿಗೆ ಹೊರಟಿರುತ್ತದೆ.